ಗಾಣಕ್ಕೆ ಅರ್ಧ ಮುಟ್ಟಿದ ಸಂದೇಶ

ಬೆಳಿಗ್ಗೆ 11.20. ಗೋಕಾಕದ ಖಾಸಗಿ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸಾ ಕೊಠಡಿಯ ಹೊರಗೆ ಕಬ್ಬಿನ ಗಾಣದ ಮಾಲೀಕ ಶೆಟ್ಟೆಪ್ಪ, ಗಾಣವನ್ನು ಮೊಬೈಲ್‌ನಿಂದ ನಡೆಸುವ ಪ್ರೋಗ್ರಾಂ ಬರೆದುಕೊಟ್ಟಿದ್ದ ಮಲ್ಲೇಶನ ಮುಖಕ್ಕೆ ಗುದ್ದಿದರು. ಒಳಗೆ ಶೆಟ್ಟೆಪ್ಪನವರ ತಮ್ಮ ಯಲ್ಲೇಶನಿದ್ದ. ಅವನ ಬಲಗೈ ಗಾಣಕ್ಕೆ ಸಿಕ್ಕಿ ಜಜ್ಜಿಹೋಗಿತ್ತು. ಬೇರೊಬ್ಬ ರೋಗಿಯ ಜೊತೆ ಬಂದಿದ್ದ ನಾನು ಎದುರಿನ ಬೆಂಚಿನಲ್ಲಿದ್ದೆ.

“ಮೊಬೈಲ್‌ನಾಗ ಬಂದ್ ಅಂತ ನಾಕ್ ಸಲ ಒತ್ತೇನಿ. ಗಾಣ ಯಾಕ ನಿಲ್ಲಲಿಲ್ಲಲೇ?”

“ಸಂದೇಶ ಮುಟ್ಟೇತ್ರಿ ಕಾಕಾ, ಪೂರ್ತಿ ಮುಟ್ಟಿಲ್ಲ. ಮೊಬೈಲ್ ಕಳಸೋ ಸಂದೇಶದ ಯುಡಿಪಿ ಪ್ಯಾಕೆಟ್ ತಗೋಳಾಕ ನಾ ಮೂವತ್ತೆರಡ ಬೈಟ್ ಜಾಗಾ ಇಟ್ಟಿದ್ನಿ. ಹೆಚ್ಚಾಗಿದ್ದು ಬಿದ್ದು ಹೋಗತೈತಿ.”

“ಎರಡ ವರ್ಷ ಒತ್ತಿದಾಗೆಲ್ಲಾ ನಿಂತಿತ್ತಲ್ಲ?”

“ಆಗ ಸಂದೇಶದಾಗ ಗಾಣದ ಹೆಸರು ‘ಗಾಣ 1’ ಇತ್ರಿ. ನಿನ್ನೆ ಅದಕ್ಕ ನಿಮ್ಮವ್ವನ ಪೂರ್ತಿ ಹೆಸರು ಇಡಸಿದ್ರಿ. ಕನ್ನಡದ ಒಂದಕ್ಷರಕ್ಕ ಕಮ್ಮಿ ಅಂದ್ರೂ ಮೂರು ಬೈಟ್ ಬೇಕ್ರಿ. ಹೆಸರು ಮುಗದ ಮ್ಯಾಲ ಬರೋ ‘ಬಂದ್’ ಕಟ್ ಆತು.”

ಎರಡನೇ ಗುದ್ದಿಗೆ ಮಲ್ಲೇಶನ ತುಟಿ ಒಡೆಯಿತು.

“ನಮ್ಮವ್ವನ ಮ್ಯಾಲ ಹಾಕ್ತಿ? ಹ್ಯಾಸ್ಕೆಲ್ ಅನ್ನೋ ಕಂಪ್ಯೂಟರ್ ಭಾಷಾದಾಗ ಬರದ್ರ ತಪ್ಪು ಮೊದ್ಲ ಸಿಗತೈತಿ ಅಂತ ಮೀಸಿ ತಿರುವಿದ್ದೆಲ್ಲೋ!”

“ಈ ತಪ್ಪು ಅದಕ್ಕ ಕಾಣಂಗಿಲ್ರಿ. ನನ್ನ ಆಮ್ಯಾಲ ಹೊಡೀರಿ, ಮೊದ್ಲ ನಿಮ್ಮ ಇನ್ನೊಂದ ಗಾಣಕ್ಕ, ಮೂಡಲಗಿಗೆ ಫೋನ್ ಹಚ್ರಿ. ಅದಕ್ಕೂ ನಿನ್ನೆನ ನಿಮ್ಮಪ್ಪನ ಹೆಸರು ಹಾಕಸೀರಿ.”

ಶೆಟ್ಟೆಪ್ಪ ಅವನ ಕಾಲರ್ ಬಿಟ್ಟು ಫೋನ್ ಹಚ್ಚಿದರು. ಮೂರು ಸಲ ಹಚ್ಚಿದರು.

“ಯಾರೂ ಎತ್ತವಲ್ರು. ಗಾಣದ ಸಪ್ಪಳದಾಗ ಕೇಳಸಂಗಿಲ್ಲ.”

“ಅಲ್ಲಿ ಗಾಣದ ಬಾಯಿಗೆ ಕಬ್ಬು ಕೊಡಾಕ ಯಾರ ಕುಂತಾರ್ರಿ?”

“ನನ್ನ ಮಗಳು. ನಡೀಲೇ, ಗಾಡಿ ತಗಿ!”

ಇಬ್ಬರೂ ಮೆಟ್ಟಿಲಿಳಿದು ಓಡಿದರು. 11.31ಕ್ಕೆ ನರ್ಸ್ ಕಾಗದ ಹಿಡಿದು ಹೊರಬಂದರು. ಯಲ್ಲೇಶನ ಕೈ ಕತ್ತರಿಸಿ ತೆಗೆಯಲು ಮನೆಯವರ ಸಹಿ ಬೇಕಿತ್ತು. ಸಹಿ ಹಾಕಲು ಮನೆಯವರು ಯಾರೂ ಅಲ್ಲಿರಲಿಲ್ಲ.