ಹಿಂದೆ ಸರಿಯದ ಕಾರು

ಹತ್ತಿರ ಬನ್ನಿ, ಜೋರಾಗಿ ಹೇಳುವ ಮಾತಲ್ಲ ಇದು. ಬ್ರಿಸ್ಟಲ್‌ನಲ್ಲಿ ನಮ್ಮ ಪಕ್ಕದ ಮನೆಯ ಡೆರಿಕ್‌ಗೆ ಆದದ್ದು...

ಡೆರಿಕ್ ಕೆಟ್ಟವನಲ್ಲ, ಹಟಮಾರಿ. ಪ್ರತಿ ಚಳಿಗಾಲ ಹೆಂಡತಿ ಮಾವಿಸ್‌ಳನ್ನು ಕೂರಿಸಿಕೊಂಡು ಡೆವನ್ ಹಳ್ಳಿಗಳಲ್ಲಿರುವ ಗೆಳೆಯರ ಮನೆಗಳಿಗೆ ಕಾರಿನಲ್ಲಿ ಒಂದು ಸುತ್ತು ಹೋಗಿ ಬರುತ್ತಿದ್ದ. ಅಲ್ಲಿಯ ಓಣಿಗಳು ಒಂದೇ ಕಾರಿನಷ್ಟು ಅಗಲ. ಎರಡೂ ಕಡೆ ಆಳೆತ್ತರದ ಮಣ್ಣಿನ ದಿಬ್ಬ, ಮೇಲೆ ಮುಳ್ಳುಬೇಲಿ. ಅಲ್ಲಲ್ಲಿ ಪಕ್ಕಕ್ಕೆ ಸರಿಯಲು ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಎದುರು ಕಾರು ಬಂದರೆ ಆ ಜಾಗ ಯಾರಿಗೆ ಹತ್ತಿರವೋ ಅವರು ಹಿಂದೆ ಹೋಗಬೇಕು, ಇನ್ನೊಬ್ಬರು ಕೈಯೆತ್ತಿ ವಂದಿಸಿ ಮುಂದೆ ಹೋಗಬೇಕು. ಡೆರಿಕ್ ಜನ್ಮದಲ್ಲಿ ಹಿಂದೆ ಹೋದವನಲ್ಲ.

ಆ ಸಂಜೆ ಗೆಳೆಯ ರೆಜ್ ಮನೆಯಲ್ಲಿ ಚಹಾ. ಸ್ಕೋನ್ ಎಂಬ ಬನ್ನಿಗೆ ಕೆನೆ ಬಳಿಯುತ್ತಾ ರೆಜ್ ಹೇಳಿದ:

"ಮೇಲಿನ ಮನೆ ಈಡಿತ್ ಹೋಗಿ ಇವತ್ತಿಗೆ ವರ್ಷ ಆಯ್ತು ಕಣಯ್ಯಾ. ಎದೆನೋವು ಅಂತ ಗಂಡ ಆಸ್ಪತ್ರೆಗೆ ಕರ್ಕೊಂಡು ಹೊರಟಿದ್ದ. ಓಣೀಲಿ ಯಾವನೋ ಪಟ್ಟಣದೋನು ಎದುರಾಗಿ ಜಪ್ಪಯ್ಯ ಅಂದ್ರೂ ಸರೀಲಿಲ್ವಂತೆ. ಪಾಪ, ಕತ್ತು ತಿರುಗದ ಮುದುಕ... ಇವನೇ ಹಿಂದಕ್ಕೆ ಹೋಗೋದ್ರೊಳಗೆ ಅವಳು ಸೀಟಲ್ಲೇ..."

ಡೆರಿಕ್ ಕಚ್ಚಿದ ಸ್ಕೋನನ್ನು ತಟ್ಟೆಗಿಟ್ಟು ಕಾರಿನ ಕೀಲಿಗೆ ಕೈಹಾಕಿದ.

ಅಲ್ಲಿಂದ ಹೊರಟಾಗ ಇನ್ನೂ ಐದಾಗಿರಲಿಲ್ಲ, ಆಗಲೇ ಕಗ್ಗತ್ತಲು. ಚರ್ಚಿನ ಪಕ್ಕದ ಯೂ ಮರ ದಾಟಿ ಅದೇ ಓಣಿಗೆ ಇಳಿದರು.

"ಅದು ನಾವೇ ಅಲ್ವಾ?" ಮಾವಿಸ್ ಪಿಸುಗುಟ್ಟಿದಳು.

"ಅವಳಿಗೆ ಹುಷಾರಿಲ್ಲ ಅಂತ ನಂಗೇನು ಕನಸು ಬಿದ್ದಿತ್ತಾ?"

"ಹಿಂದೆ ತಗೋ ಅಂತ ಬಡ್ಕೊಂಡೆ. ಜಾಗ ನಮ್ಮ ಬೆನ್ನ ಹಿಂದೇನೇ ಇತ್ತು ಡೆರಿಕ್."

ಇತ್ತು. ಅವನಿಗೂ ಗೊತ್ತಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳು ಅವನ ತೋಳು ಹಿಡಿದಳು.

"ಡೆರಿಕ್... ಎದೆ... ಹಿಂಡ್ತಿದೆ ಕಣೋ."

ಫೋನಿಗೆ ಸಿಗ್ನಲ್ ಇಲ್ಲ. ಅವನು ಕಾರನ್ನು ಓಡಿಸಿದ. ತಿರುವಿನಲ್ಲಿ ಎರಡು ಮಂಕು ದೀಪ... ಒಂದು ಹಳೆಯ ಸಣ್ಣ ಕಾರು. ಡುಗುಡುಗು ಡುಗುಡುಗು. ಹಾರ್ನ್ ಹೊಡೆದ. ಅದು ಕದಲಲಿಲ್ಲ. ಇಳಿದು ಓಡಿದ.

"ಸ್ವಲ್ಪ ಹಿಂದೆ ತಗೊಳ್ರೀ! ನನ್ನ ಹೆಂಡತಿಗೆ ಎದೆನೋವು!"

ಸ್ಟೀರಿಂಗ್ ಹಿಂದೆ ಯಾರೂ ಇರಲಿಲ್ಲ.

ಪಕ್ಕದ ಸೀಟಿನಲ್ಲಿ ರಾತ್ರಿಯುಡುಪಿನ ಮುದುಕಿಯೊಬ್ಬಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಕಿರ್... ಕಿರ್... ಕಿರ್... ಹಿಡಿಕೆ ತಿರುಗಿಸಿ ಗಾಜು ಇಳಿಸಿದಳು.

"ಜಾಗ ನಿನ್ನ ಬೆನ್ನ ಹಿಂದೇನೇ ಇದೆಯಲ್ಲ... ಹೋಗಪ್ಪಾ."

ಡೆರಿಕ್ ಕೈ ಮುಗಿದ. "ತಪ್ಪಾಯ್ತು ತಾಯಿ. ನನ್ನನ್ನ ಏನ್ ಬೇಕಾದ್ರೂ ಮಾಡು. ಅವಳನ್ನ ಬಿಡು."

"ನಮ್ಮೆಜಮಾನ್ರೂ ಹೀಗೇ ಕೈ ಮುಗಿದ್ರು," ಅಂದಳು. "ನೀನು ಹಾರ್ನ್ ಹೊಡೀತಿದ್ದೆ... ನಿಂಗೆ ಕೇಳಿಸ್ಲಿಲ್ಲ."

ಗಾಜು ಏರಿತು.

ಡೆರಿಕ್ ಕಾರು ಹತ್ತಿ ಹಿಂದಕ್ಕೆ ಹೊರಟ. ಜೀವಮಾನದಲ್ಲೇ ಮೊದಲ ಸಲ. ಮುಳ್ಳು ಬಾಗಿಲಿಗೆ ಕರಕರ ಉಜ್ಜಿತು. ಪಕ್ಕದ ಕನ್ನಡಿ ಚಟ್ಟೆಂದು ಮುರಿಯಿತು. ಆ ದೀಪಗಳು ಮೊಳದಷ್ಟೇ ಅಂತರದಲ್ಲಿ ಅವನನ್ನು ತಳ್ಳಿಕೊಂಡು ಬರುತ್ತಿದ್ದವು. ಜಾಗ ಎಲ್ಲಿ? ಬರೀ ದಿಬ್ಬ... ಬರೀ ಬೇಲಿ... ಮಾವಿಸ್‌ಳ ಉಸಿರು ಗೊರ್... ಗೊರ್... ಅನ್ನುತ್ತಿತ್ತು.

"ಇನ್ನೂ... ಎಷ್ಟು ದೂರ?"

"ಇನ್ನೇನು ಬಂತು ಮಾರಾಯ್ತಿ. ಮಾತಾಡ್ತಿರು. ನನ್ನ ಬೈತಿರು."

ಅವಳು ಬೈಯಲಿಲ್ಲ. ಗೊರ್ ಅನ್ನುವ ಸದ್ದು ನಿಂತಿತು. ಅದು ನಿಂತ ಕ್ಷಣವೇ ಎದುರಿನ ದೀಪ ಆರಿತು. ಓಣಿ ಖಾಲಿ. ಸರಿಯುವ ಜಾಗ ಅವನ ಮಗ್ಗುಲಲ್ಲೇ ಇತ್ತು.

ಆಸ್ಪತ್ರೆಯ ಬಾಗಿಲಿಗೆ ನರ್ಸ್ ಒಬ್ಬಳು ಗಾಲಿಮಂಚ ತಳ್ಳಿಕೊಂಡು ಬಂದಳು. ನಿಧಾನವಾಗಿ ಬಂದಳು.

"ಮಾವಿಸ್ ಅವರೇ ಅಲ್ವಾ?"

"ನಿಮಗ್ಯಾರು ಹೇಳಿದ್ರು?"

"ಒಬ್ರು ಅಜ್ಜಿ ಬಂದು ಹೇಳಿ ಹೋಗಿದ್ರು. ಮಾವಿಸ್ ಅಂತ ಬರ್ತಾರೆ, ತಡ ಆಗುತ್ತೆ... ಅವಸರ ಏನಿಲ್ಲ ಅಂದ್ರು."

ಹೆಣದ ಕಾಲು ಹಿಡಿದುಕೊಂಡು ಡೆರಿಕ್ ಅಲ್ಲೇ ನೆಲಕ್ಕೆ ಕೂತುಬಿಟ್ಟ. ಈಗ ಅವನು ಕಾರು ಮಾರಿದ್ದಾನೆ. ಎದುರು ಸಿಕ್ಕರೆ ನಕ್ಕು ಪಕ್ಕಕ್ಕೆ ಸರಿಯುತ್ತಾನೆ, ನೋಡಲಾಗದು.

ನಂಬದಿದ್ದರೆ ಬಿಡಿ. ಆ ನರ್ಸ್ ಈಗಲೂ ಅಲ್ಲೇ ಕೆಲಸದಲ್ಲಿದ್ದಾಳೆ, ನಾನೇ ಹೋಗಿ ಕೇಳಿದ್ದೇನೆ. ಅಜ್ಜಿ ಬಂದದ್ದು ಎಷ್ಟು ಹೊತ್ತಿಗೆ ಅಂದೆ.

ಮಧ್ಯಾಹ್ನ ಊಟದ ಹೊತ್ತಿಗೆ, ಅಂದಳು.