ಸಾಲಿನಲ್ಲಿ ನಿಂತವರ ಓದು

ಬಸ್ಸಿನ ಸಾಲಿನಲ್ಲಿ, ದಿನವೂ ಅಲ್ಲೇ ಬಸ್ಸಿಗೆ ಕಾಯುವ ದರ್ಜಿಯೊಬ್ಬನ ಮುಂದೆ ಅತ್ತೆ, ಸೊಸೆ ನಿಂತಿದ್ದರು. ಸೊಸೆಯ ಕಂಕುಳಲ್ಲಿ ಉದ್ದನೆಯ ಕೊಳವೆ. ಅದರೊಳಗೆ ಅವಳ ಸಂಶೋಧನೆಯ ಪೋಸ್ಟರ್.

"ಸಮ್ಮೇಳನಕ್ಕೆ ಹೋಗಲ್ಲ ಅತ್ತೆ. ಈಗ ಮೆಸೇಜ್ ಬಂತು. ನನ್ನ ಪೋಸ್ಟರಿಗೆ ಕೊಟ್ಟಿರೋ ಜಾಗ ಶೌಚಾಲಯದ ಪಕ್ಕ."

"ಅಲ್ಲಿ ಜನ ಸಾಲು ನಿಲ್ತಾರೇನೇ?"

"ಮಾರುದ್ದ. ದೊಡ್ಡ ದೊಡ್ಡ ಪ್ರೊಫೆಸರುಗಳೂ ನಿಲ್ಲಲೇಬೇಕು."

"ಮತ್ತಿನ್ನೇನು? ನಿಂತೋರೆಲ್ಲ ನಿಂದೇ ಓದ್ತಾರೆ."

"ಅಯ್ಯೋ, ಯಾರು ಓದ್ತಾರೆ ಬಿಡಿ."

ಅತ್ತೆ ಗಕ್ಕನೆ ದರ್ಜಿಯತ್ತ ತಿರುಗಿದರು. "ಏನಪ್ಪಾ, ಎದುರಿನ ಆ ಗೋಡೆ ಮೇಲೆ ಏನು ಬರ್ದಿದೆ? ನೋಡ್ದೆ ಹೇಳು."

ದರ್ಜಿ ಕಣ್ಣು ಮುಚ್ಚಿ ಒಪ್ಪಿಸಿದ. "ಹಲ್ಲುನೋವೇ? ಚಿಂತೆ ಬಿಡಿ! ಎರಡನೇ ಮಹಡಿಗೆ ಬನ್ನಿ. ಭಾನುವಾರ ರಜೆ."

"ನಿಂಗೆ ಹಲ್ಲುನೋವಾ?"

"ಇಲ್ಲಮ್ಮ, ಎಲ್ಲಾ ಕಲ್ಲಿನ ಹಾಗಿವೆ."

"ಕೇಳಿದ್ಯೇನೇ?"

ಬಸ್ಸು ಬಂತು. ಸೊಸೆ ಕೊಳವೆಯನ್ನು ಗದೆಯಂತೆ ಹೆಗಲಿಗೇರಿಸಿ ಎಲ್ಲರಿಗಿಂತ ಮೊದಲು ಹತ್ತಿದಳು.