ಗೋಡೆಗೆ ತಿರುಗಿಸಿದ ಪಟ

"ರಾತ್ರಿ ಮೊಳೆ ಕಿರ್ ಅಂದಿದ್ದು ಕೇಳಿಸ್ತು ಸುಗುಣ. ಯೇಸಪ್ಪನ ಪಟ ಗೋಡೆಗೆ ತಿರುಗಿಸಿದ್ದು ನೀನೇ ತಾನೆ?"

ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತಿದ್ದ, ಗುರುತಿಲ್ಲದ ಹೆಂಗಸೊಬ್ಬರು ತಮ್ಮ ಸೊಸೆಯನ್ನು ಕೇಳಿದರು. ನಾನು ಚೀಲವನ್ನು ಮಡಿಲಿಗೆ ಎಳೆದುಕೊಂಡು ಬೇರೆ ಕಡೆ ನೋಡಿದೆ.

"ನಾನೇ. ಮಗು ಜ್ವರದಲ್ಲಿ ಬೇಯ್ತಿದ್ದಾಗ ಅವನೂ ಮುಖ ತಿರುಗಿಸ್ಕೊಂಡ್ನಲ್ಲ ಅತ್ತೆ."

"ಪಾಸ್ಟರಯ್ಯ ನೋಡಿದ್ರೆ?"

"ನೋಡ್ಲಿ. ಮಗೂನ ಮಣ್ಣು ಮಾಡೋವಾಗ, ದೇವರ ಚಿತ್ತ, ಸ್ತೋತ್ರ ಹೇಳಮ್ಮ ಅಂದ್ರು. ಯಾತಕ್ಕೆ ಹೇಳ್ಲಿ?"

"ಹೇಳ್ಬೇಡ."

ಸೊಸೆ ತಲೆಯೆತ್ತಿದಳು.

"ನನ್ ಬಾಯಲ್ಲೂ ಸ್ತೋತ್ರ ಬಂದಿಲ್ಲ ಕಣೇ. ಆ ಮಗೂಗೆ ಎಣ್ಣೆ ನೀರು ಹಾಕಿದ ಕೈ ಇದು. ಆದ್ರೆ ಪಟ ಯಾಕೆ ತಿರುಗಿಸ್ದೆ? ಗೋಡೆ ನೋಡ್ಕೊಂಡು ಅವನು ಆರಾಮಾಗಿರ್ತಾನೆ. ಬೆಳಿಗ್ಗೆನೇ ಮತ್ತೆ ನಮ್ ಕಡೆ ತಿರುಗಿಸಿದೀನಿ. ಎದುರಿಗೆ ನಿಂತು ಕೇಳು. ಉತ್ತರ ಕೊಡೋವರ್ಗೂ ಬಿಡಬೇಡ."

"ನೀವು ಕೇಳಿದ್ರಾ?"

"ಕೇಳ್ದೆ. ಬೈದೂ ಬೈದೆ."

"ಏನಂತ?"

"ಅದು ನಂಗೂ ಅವನಿಗೂ ಇರೋ ಜಗಳ. ಪಾಸ್ಟರಯ್ಯಂಗೂ ಹೇಳಲ್ಲ, ನಿನ್ ಗಂಡಂಗೂ ಹೇಳಲ್ಲ, ನಿಂಗೂ ಹೇಳಲ್ಲ. ಏಳು, ಶಿಡ್ಲಘಟ್ಟದ ಬಸ್ ಬಂತು."

ಸೊಸೆ ಇಬ್ಬರ ಚೀಲಗಳನ್ನೂ ಎತ್ತಿಕೊಂಡು ಅತ್ತೆಯ ಹಿಂದೆ ನಡೆದಳು.